ಮಾಲ್ಟಾದ ‘ಹಝೀನ್’, ನಮ್ಮ ‘ಖದೀಮ’: ಪದಕ್ಕೆ ಮೂಲದ ಅರ್ಥವೇ ಸರಿಯಾ?

ಪದಹುಡುಕ: ಮಾಲ್ಟಾಕ್ಕೆ ಬಂದು ಎರಡು ವರ್ಷವಾಯಿತು. ಇಲ್ಲಿನ ಮಾಲ್ಟೀಸ್ ಕಲಿಯುತ್ತಿದ್ದೇನೆ. ದೊಡ್ಡದಕ್ಕೆ ‘ಕ್ಬೀರ್’, ಅದಕ್ಕಿಂತ ದೊಡ್ಡದಕ್ಕೆ ‘ಅಕ್ಬರ್’ ಅಂತಾರೆ. ಕಬೀರ, ಅಕ್ಬರ ಅನ್ನೋ ಹೆಸರು ಕೇಳಿ ಬೆಳೆದವನಿಗೆ ಎಷ್ಟು ಖುಷಿಯಾಗಬೇಡ! ಆದರೆ ‘ಹಝೀನ್’ ಅಂದರೆ ಇಲ್ಲಿ ‘ಕೆಟ್ಟ’. ಅರಬ್ಬಿ ಬಲ್ಲ ಗೆಳೆಯ ಇದನ್ನು ಒಪ್ಪುವುದಿಲ್ಲ. ಅರಬ್ಬಿಯಲ್ಲಿ ಅದು ‘ದುಃಖದಲ್ಲಿರುವ’, ಮಾಲ್ಟಾದವರು ತಪ್ಪಾಗಿ ಬಳಸ್ತಾರೆ ಅಂತಾನೆ. ನೀವೇನಂತೀರಿ?

ತುಂಗಾತೀರ: ನಿಮ್ಮ ಗೆಳೆಯರ ಮಾತೇ ಸರಿ. ಮೂಲದ ಅರ್ಥ ಬಿಟ್ಟ ಪದ ದಾರಿ ತಪ್ಪಿದ ಹಾಗೆ. ಅದೂ ಅಲ್ಲದೆ ಮಾಲ್ಟೀಸ್ ಬರೆಯೋದು ಲ್ಯಾಟಿನ್ ಲಿಪಿಯಲ್ಲಿ, ಇಟಾಲಿಯನ್ ಪದಗಳೂ ಜಾಸ್ತಿ. ಅದು ಲ್ಯಾಟಿನ್ ಕಡೆಯ ಭಾಷೆ ಅಲ್ವಾ?

ಲ್ಯಾಟಿನ್ ಓದುಗ: ಲಿಪಿ ನೋಡಿ ನೆಂಟಸ್ತಿಕೆ ಹೇಳಬೇಡಿ ಸರ್. ಮಾಲ್ಟೀಸ್ ಹುಟ್ಟಿದ್ದು ಪಕ್ಕದ ಸಿಸಿಲಿ ದ್ವೀಪದಲ್ಲಿ ಹಿಂದೆ ಆಡುತ್ತಿದ್ದ ಅರಬ್ಬಿಯಿಂದ. ಗುಣವಾಚಕಗಳಲ್ಲೇ ಇದು ಕಾಣುತ್ತದೆ. ಕೆಂಪಿಗೆ ಗಂಡುಲಿಂಗದಲ್ಲಿ ‘ಅಹ್ಮರ್’, ಹೆಣ್ಣಿಗೆ ‘ಹಮ್ರಾ’, ಬಹುವಚನಕ್ಕೆ ‘ಹೊಮೊರ್’. ಪದದ ಒಳಗಿನ ಸ್ವರವೇ ಬದಲಾಗುತ್ತದೆ, ಇದು ಅರಬ್ಬಿಯ ರೀತಿ. ‘ಜಾಣ’ ಅನ್ನೋದಕ್ಕೆ ಇಟಾಲಿಯನ್ನಿಂದ ಬಂದ ‘ಬ್ರಾವು, ಬ್ರಾವಾ, ಬ್ರಾವಿ’ಯಲ್ಲಿ ಬದಲಾಗೋದು ಬಾಲ ಮಾತ್ರ. ‘ಇಂಪೋರ್ಟಾಂಟಿ’ಗೆ ‘ಅಕ್ಬರ್’ ಥರದ ರೂಪವೂ ಇಲ್ಲ, ಮುಂದೆ ‘ಇಕ್ತಾರ್’ ಅಂದರೆ ‘ಹೆಚ್ಚು’ ಅಂತ ಸೇರಿಸಬೇಕು.

ಇನ್ನು ದಾರಿ ತಪ್ಪುವ ಮಾತು. ಲ್ಯಾಟಿನ್ನಿನ ‘ಕಾಪ್ಟೀವುಸ್’ ಅಂದರೆ ಸೆರೆಸಿಕ್ಕವನು. ಅದೇ ಇಟಾಲಿಯನ್ನಿನಲ್ಲಿ ‘ಕಟ್ಟೀವೊ’ ಆಗಿ ‘ಕೆಟ್ಟ’ ಆಯಿತು. ಫ್ರೆಂಚಿನಲ್ಲಿ ‘ಶೇತೀಫ್’ ಆಗಿ ‘ಬಡಕಲು’ ಆಯಿತು. ಇಡೀ ಇಟಲಿ ತಪ್ಪು ಮಾತಾಡುತ್ತಿದೆ ಅನ್ನೋಣವೇ?

ತುಂಗಾತೀರ: ಅಲ್ಲಿಗೆ ಕಾರಣ ಇದೆಯಲ್ಲ. ‘ಸೈತಾನನ ಸೆರೆಯಾಳು’ ಅನ್ನೋ ಕ್ರೈಸ್ತರ ಮಾತಿನಿಂದ ಆ ಅರ್ಥ ಬಂತು ಅಂತ ಓದಿದ್ದೇನೆ. ಕಾರಣವಿಲ್ಲದೆ ಅರ್ಥ ಬದಲಾದರೆ ನನಗೆ ಒಪ್ಪಿಗೆಯಿಲ್ಲ.

ಕರಡು ತಿದ್ದುವವಳು: ನಮ್ಮ ಪತ್ರಿಕೆಗಳಲ್ಲಿ ‘ಸರ ಕದ್ದ ಖದೀಮರು’ ಅಂತ ದಿನಾ ಬರುತ್ತದೆ. ಅರಬ್ಬಿಯ ‘ಕದೀಮ್’ ಅಂದರೆ ಬರೀ ‘ಹಳೆಯ’. ‘ಖದೀಮ ಕಳ್ಳ’ ಅಂದರೆ ಹಳೇ ಕಳ್ಳ, ಪಳಗಿದವನು. ಬಳಸ್ತಾ ಬಳಸ್ತಾ ‘ಕಳ್ಳ’ ಬಿದ್ದುಹೋಯಿತು, ಅವನ ಕೆಲಸವನ್ನು ‘ಖದೀಮ’ ಹೊತ್ತುಕೊಂಡಿತು. ನಾನು ಅದನ್ನು ತಿದ್ದಿ ‘ಹಳಬರು’ ಅಂತ ಹಾಕಿದರೆ ಓದುವವರಿಗೆ ಏನು ಅರ್ಥವಾದೀತು? ಜನ ಹೇಗೆ ಆಡುತ್ತಾರೋ ಅದೇ ಪದದ ಅರ್ಥ.

ಪದಹುಡುಕ: ಅಕ್ಕಾ, ಇದು ಗೊತ್ತೇ ಇರಲಿಲ್ಲ! ಇಲ್ಲೂ ಅದೇ ಪದವಿದೆ. ಮೊದಲ ಅಕ್ಷರವನ್ನು ಗಂಟಲಲ್ಲೇ ತಡೆದು ‘ಅದೀಮ್’ ಅಂತಾರೆ. ಅರ್ಥ ಇನ್ನೂ ‘ಹಳೆಯ’. ಬಡವನಿಗೂ ಹಾಗೆಯೇ ‘ಫ್‌ಈರ್’. ನಮ್ಮ ‘ಫಕೀರ’ನೇ ಅದು.

ತುಂಗಾತೀರ: ಖದೀಮದ ವಿಷಯದಲ್ಲಿ ನಾನು ಸೋತೆ ತಾಯಿ. ನಾನೂ ಹಾಗೇ ಬಳಸ್ತೀನಿ. ಆದರೆ ಮೂಲ ಹುಡುಕದೇ ಇದ್ದಿದ್ದರೆ ಮಾಲ್ಟಾದ ಹಳೇ ಮನೆಗೂ ನಮ್ಮೂರ ಕಳ್ಳನಿಗೂ ಇರುವ ನಂಟು ನಮಗೆ ಕಾಣುತ್ತಿತ್ತಾ? ಅದಕ್ಕೇ ಮೂಲ ಬಿಡಬೇಡಿ ಅಂದೆ.

ಪದಹುಡುಕ: ಅದು ನಿಜ ಸರ್. ಇಲ್ಲಿ ಚೆಂದದ್ದಕ್ಕೆ ‘ಸಬೀಹ್’, ಬೆಳಗಿನ ಜಾವಕ್ಕೆ ‘ಸೆಬ್ಹ್’. ಎರಡಕ್ಕೂ ಬೇರು ಒಂದೇ. ಅದು ತಿಳಿದ ಮೇಲೆ ‘ಸಬೀಹ್’ ಅಂದಾಗಲೆಲ್ಲ ಬಂದರಿನ ಮೇಲೆ ಬೆಳಕು ಹರಿಯುವುದು ಕಣ್ಣಿಗೆ ಕಟ್ಟುತ್ತದೆ.