ಟ್ಯೂಬ್‌ಲೆಸ್ ಟಯರು ರಿಮ್ಮಿನಲ್ಲಿ ಕೂರುವುದೇ ಇಲ್ಲ, ಮನೆಯ ಪಂಪಿನಲ್ಲಿ ಆಗುತ್ತದಾ?

ಅಡ್ಕಸ್ಥಳ_ಸವಾರಿ

ಮನೆ ಪೆರ್ಲದ ಹತ್ತಿರ. ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಅಡ್ಯನಡ್ಕದವರೆಗೆ ಹೋಗಿ ಬರುತ್ತೇನೆ, ಆದಿತ್ಯವಾರ ಸಮಯ ಸಿಕ್ಕಿದರೆ ಪೊಸಡಿಗುಂಪೆ ಕಡೆ. ಡಾಮರು ಮುಗಿದ ಮೇಲೆ ಮುರಕಲ್ಲಿನ ದಾರಿ, ಅದರಲ್ಲಿ ಬೇಲಿ ಕಡಿದು ಬಿಟ್ಟ ಮುಳ್ಳು. ಟ್ಯೂಬಿಗೆ ತೇಪೆ ಹಾಕಿ ಹಾಕಿ ಸಾಕಾಯಿತು. ಈ ಸಲ ಟ್ಯೂಬ್‌ಲೆಸ್ ಮಾಡಿಯೇ ಬಿಡೋಣ ಅಂತ ಹೊಸ ಟಯರು ತರಿಸಿದೆ. 29 ಇಂಚು, 2.25 ಅಗಲ, ಬದಿಯಲ್ಲಿ ಮಿಲಿಮೀಟರ್ ಅಳತೆ 57-622 ಅಂತ ಉಂಟು. ರಿಮ್ಮು ಟ್ಯೂಬ್‌ಲೆಸ್‌ಗೆ ಆಗುವಂಥದ್ದೇ.

ರಿಮ್ಮಿಗೆ ಟೇಪ್ ಸುತ್ತಿದೆ, ವಾಲ್ವ್ ಹಾಕಿದೆ, ಟಯರು ಏರಿಸಿದೆ, ಸೀಲೆಂಟ್ (ತೂತು ಮುಚ್ಚುವ ದ್ರವ) ಹೊಯ್ದೆ, ಪಂಪ್ ಹೊಡೆದೆ. ಗಾಳಿ ನಿಲ್ಲುವುದೇ ಇಲ್ಲ. ಹೊಡೆದಷ್ಟೂ ಬದಿಯಿಂದ ಸುಯ್ ಅಂತ ಹೋಗುತ್ತದೆ, ಪಂಪಿನ ಮೀಟರಿನ ಮುಳ್ಳು ಸೊನ್ನೆಯಿಂದ ಏಳುವುದಿಲ್ಲ. ಅಪ್ಪ ಒಂದು ಬದಿ ಒತ್ತಿ ಹಿಡಿದರು, ನಾನು ಹೊಡೆದೆ, ಆಗ ಇನ್ನೊಂದು ಬದಿಯಿಂದ ಹೋಯಿತು. ಅರ್ಧ ಸೀಲೆಂಟ್ ಅಂಗಳಕ್ಕೆ ಚೆಲ್ಲಿತು. ನಿನ್ನೆ ಇಡೀ ದಿನ ಇದೇ ಕೆಲಸ, ಭುಜ ನೋಯುತ್ತಿದೆ.

ಕಂಪ್ರೆಸರ್ ಬೇಕೇ ಬೇಕಾ? ಸಣ್ಣ ಗ್ಯಾಸ್ ಕಾರ್ಟ್ರಿಜ್ ಸಿಗುತ್ತದಲ್ಲ, ಅದರಲ್ಲಿ ಆಗುತ್ತದಾ? ಇನ್ನೊಂದು. ನಮ್ಮಲ್ಲಿ ರಬ್ಬರ್ ಟ್ಯಾಪಿಂಗ್ ಉಂಟು. ಸೀಲೆಂಟ್ ನೋಡಿದ ಮಾವ, ಇದು ರಬ್ಬರ್ ಹಾಲೇ ಅಲ್ವಾ, ದುಡ್ಡು ಕೊಟ್ಟು ಯಾಕೆ ತಂದೆ, ಗೆರಟೆಯಿಂದ ಒಂದು ಲೋಟ ಹೊಯ್ದರಾಯಿತು ಅಂತಾರೆ. ವಾಸನೆಯೂ ಹತ್ತಿರ ಹತ್ತಿರ ಹಾಗೇ ಉಂಟು. ಅದು ಆಗುತ್ತದಾ?

ಮುಳ್ಳೇರಿಯ_29

ಮೊದಲು ಸೀಲೆಂಟ್ ಒರೆಸಿ ತೆಗೆಯಿರಿ. ಟಯರು ಕೂತ ಮೇಲೆ ಅದನ್ನು ಹಾಕುವುದು, ಅದಕ್ಕೆ ಮೊದಲು ಅಲ್ಲ. ಒಣ ಟಯರಿನಲ್ಲಿ ಹತ್ತು ಸಲ ಪ್ರಯತ್ನ ಮಾಡಿದರೂ ನಷ್ಟ ಇಲ್ಲ.

ಕಂಪ್ರೆಸರ್ ಇಲ್ಲದೆ ಆಗುತ್ತದೆ. ನಾನು ಮೂರು ಜೊತೆ ಟಯರು ಮನೆಯಲ್ಲೇ ಫ್ಲೋರ್ ಪಂಪಿನಲ್ಲಿ ಕೂರಿಸಿದ್ದೇನೆ. ನಿಮ್ಮ ಪಂಪಿಗೆ ಜೋರು ಸಾಲದು ಅಂತ ಅಲ್ಲ, ನೀವು ಒಳಗೆ ಕೊಡುವ ಗಾಳಿಗಿಂತ ಹೊರಗೆ ಹೋಗುವುದು ಜಾಸ್ತಿ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ ನೋಡಿ, ಹೊಸ ಟಯರಿನ ಎರಡು ಅಂಚೂ (ಬೀಡ್ ಅಂತಾರಲ್ಲ, ಅದೇ) ಆ ತಗ್ಗಿನಲ್ಲಿ ಸಡಿಲವಾಗಿ ಬಿದ್ದಿರುತ್ತವೆ. ಅವು ಮೇಲೆ ಹತ್ತಿ ರಿಮ್ಮಿನ ಗೋಡೆಗೆ ಒರಗಿದರೆ ಮಾತ್ರ ಗಾಳಿ ನಿಲ್ಲುತ್ತದೆ. ಹತ್ತಿಸಬೇಕಾದದ್ದೂ ಗಾಳಿಯೇ. ಹಾಗಾಗಿ ಮೊದಲು ಆ ಸಂದು ಕಡಿಮೆ ಮಾಡಬೇಕು, ಮತ್ತೆ ಗಾಳಿ ಬೇಗ ಒಳಗೆ ಹೋಗಬೇಕು. ಈ ಎರಡೇ.

ಟಯರು ಮಡಚಿ ಬಂದದ್ದಲ್ವಾ? ಮಡಿಕೆ ಇದ್ದಲ್ಲೆಲ್ಲ ಅಂಚು ಒಳಗೆ ಬಗ್ಗಿರುತ್ತದೆ. ಹಳೆ ಟ್ಯೂಬ್ ಹಾಕಿ 35 ಪಿಎಸ್‌ಐ (ಗಾಳಿಯ ಒತ್ತಡದ ಲೆಕ್ಕ) ಹೊಡೆದು ಒಂದು ರಾತ್ರಿ ಇಡಿ. ಬೆಳಿಗ್ಗೆ ಗಾಳಿ ಬಿಟ್ಟು, ಒಂದು ಬದಿಯ ಅಂಚನ್ನು ಮಾತ್ರ ಬಿಡಿಸಿ ಟ್ಯೂಬ್ ಎಳೆದು ತೆಗೆಯಿರಿ. ಇನ್ನೊಂದು ಬದಿ ಕೂತದ್ದು ಹಾಗೆಯೇ ಇರಲಿ, ಅದನ್ನು ಮುಟ್ಟಲೇಬೇಡಿ. ಈಗ ನಿಮಗೆ ಒಂದೇ ಬದಿಯ ಕೆಲಸ ಉಳಿಯಿತು. ವಾಲ್ವ್ ಹಾಕಿ, ಬಿಟ್ಟ ಅಂಚನ್ನು ಪುನಃ ಏರಿಸುವಾಗ ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಯಾಕೆಂದರೆ ವಾಲ್ವಿನ ರಬ್ಬರ್ ಬುಡ ಇರುವಲ್ಲಿ ಅಂಚು ತಗ್ಗಿಗೆ ಇಳಿಯಲು ಜಾಗ ಇಲ್ಲ. ಏರಿಸಿ ಆದ ಮೇಲೆ ಅಲ್ಲಿ ಬೆರಳು ಹಾಕಿ ನೋಡಿ, ಆ ಬುಡದ ಒಂದೊಂದು ಬದಿಗೆ ಒಂದೊಂದು ಅಂಚು ಇರಬೇಕು. ಅಂಚು ಬುಡದ ಅಡಿಗೆ ಸಿಕ್ಕಿದರೆ ಎಷ್ಟು ಹೊಡೆದರೂ ಆಗುವುದಿಲ್ಲ.

ವಾಲ್ವಿನ ಒಳಗಿನ ಪಿನ್ನು, ಅದೇ ಕೋರ್, ಬಿಚ್ಚಿ ತೆಗೆಯಿರಿ. ಅದು ಗಾಳಿಯ ದಾರಿಯನ್ನು ತುಂಬಾ ಕಿರಿದು ಮಾಡುತ್ತದೆ. ಕೋರ್ ಇಲ್ಲದ ಬರೀ ನಳಿಗೆಗೆ ಪಂಪಿನ ತಲೆ ಸಿಕ್ಕಿಸಿದರೂ ಹೆಚ್ಚಿನ ಪಂಪುಗಳಲ್ಲಿ ಹಿಡಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಎರಡು ಬದಿಗೂ ನೊರೆ ಬರುವಷ್ಟು ಹಚ್ಚಿ. ನೊರೆ ಸಂದನ್ನೂ ಮುಚ್ಚುತ್ತದೆ, ಅಂಚು ಜಾರಲೂ ಸುಲಭ. ನಮ್ಮ ಕಡೆ ಕೆಲವರು ತೆಂಗಿನೆಣ್ಣೆ ಹಚ್ಚುತ್ತಾರೆ, ಅದು ಮಾತ್ರ ಬೇಡ. ಎಣ್ಣೆ ರಬ್ಬರನ್ನು ಹಾಳು ಮಾಡುತ್ತದೆ, ಸೋಪಿನ ನೀರಿನ ಹಾಗೆ ಒಣಗಿಯೂ ಹೋಗುವುದಿಲ್ಲ.

ಗಾಲಿಯನ್ನು ನೆಲಕ್ಕೆ ಊರಬೇಡಿ, ಎಲ್ಲಿಯಾದರೂ ಕೊಕ್ಕೆಗೆ ತೂಗುಹಾಕಿ. ನೆಲಕ್ಕೆ ತಾಗಿದಲ್ಲಿ ಟಯರು ಒಳಗೆ ಹೋಗಿ ಅಲ್ಲೇ ಸಂದು ಬೀಳುತ್ತದೆ. ಇಷ್ಟು ಮಾಡಿ ನಿಲ್ಲಿಸದೆ ಬೇಗ ಬೇಗ ಹತ್ತಿಪ್ಪತ್ತು ಸಲ ಹೊಡೆಯಿರಿ. ಟಪ್, ಟಪ್ ಅಂತ ಶಬ್ದ ಬರುತ್ತದೆ, ಕೆಲವೊಮ್ಮೆ ಗೆರಟೆ ಒಡೆದಷ್ಟು ಜೋರು. ಹೆದರಬೇಡಿ, ಅಂಚು ಕೂತ ಶಬ್ದ ಅದು.

ಉಪ್ಪಳ_ಚೈನ್

ಮೇಲಿನವರು ಹೇಳಿದ್ದು ಸರಿ. ಆದರೂ ಆಗದಿದ್ದರೆ ಹಗ್ಗದ ಉಪಾಯ ಉಂಟು. ಟಯರಿನ ನಡುಭಾಗಕ್ಕೆ, ನೆಲಕ್ಕೆ ತಾಗುವಲ್ಲಿ, ಸುತ್ತಲೂ ನೈಲಾನ್ ಹಗ್ಗ ಕಟ್ಟಿ ಒಂದು ಕೋಲು ಸಿಕ್ಕಿಸಿ ತಿರುಚಿ ಬಿಗಿ ಮಾಡಿ. ನಡು ಒಳಗೆ ಹೋದಾಗ ಅಂಚುಗಳು ಎರಡು ಬದಿಗೆ ಸರಿಯುತ್ತವೆ. ಗಾಳಿ ಸ್ವಲ್ಪ ಹಿಡಿದ ಕೂಡಲೇ ಕೋಲು ಸಡಿಲ ಮಾಡಬೇಕು, ಮರೆಯಬೇಡಿ.

ಕಂಪ್ರೆಸರ್ ಬಗ್ಗೆ ಹೇಳುತ್ತೇನೆ, ನಾನು ದಿನಾ ಅದರ ಹತ್ತಿರವೇ ಇರುವವನು. ಪೆಟ್ರೋಲ್ ಬಂಕಿನ ಡಿಜಿಟಲ್ ಮೆಷಿನ್ ಇದಕ್ಕೆ ಅಷ್ಟು ಆಗುವುದಿಲ್ಲ. ಅದು ಮೊದಲು ಟಯರಿನಲ್ಲಿ ಎಷ್ಟು ಉಂಟು ಅಂತ ನೋಡಿ, ನಿಲ್ಲಿಸಿ ನಿಲ್ಲಿಸಿ ಗಾಳಿ ಬಿಡುವುದು. ನಿಮಗೆ ಬೇಕಾದದ್ದು ಒಂದೇ ಸಲಕ್ಕೆ ನುಗ್ಗುವ ಗಾಳಿ. ಪಂಚರ್ ಅಂಗಡಿಯಲ್ಲಿ ಧೂಳು ಊದುವ ಗನ್ ಇರುತ್ತದಲ್ಲ, ತುದಿಯಲ್ಲಿ ರಬ್ಬರ್ ಇರುವಂಥದ್ದು, ಅದು ಒಳ್ಳೆಯದು. ಕೋರ್ ತೆಗೆದ ನಳಿಗೆಗೆ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪ ಒತ್ತಬೇಕು. ಬೈಕಿನ ಪಂಪಿನಲ್ಲಿ ಸೈಕಲ್ಲಿಗೆ ಗಾಳಿ ಹಾಕಲು ಬಳಸುವ ಪಿತ್ತಾಳೆ ಅಡಾಪ್ಟರ್ ಇಲ್ಲಿ ಪ್ರಯೋಜನ ಇಲ್ಲ, ಅದರ ಮರೆ (ತಿರುಪಿನ ಗೆರೆ) ಹಿಡಿಯುವುದು ಕೋರ್‌ನ ಮೇಲೆ, ಕೋರ್ ತೆಗೆದರೆ ಅಡಾಪ್ಟರ್ ಕೂರುವುದಿಲ್ಲ.

ಆದರೆ ಗನ್ ಹಿಡಿದಾಗ ಮೈಮೇಲೆ ಎಚ್ಚರ ಇರಲಿ. ಗನ್ನಿನಲ್ಲಿ ಮೀಟರ್ ಇಲ್ಲ, ಸೈಕಲ್ ಟಯರು ತುಂಬಲು ಎರಡು ಮೂರು ಸೆಕೆಂಡ್ ಸಾಕು. ಟಪ್ ಅಂತ ಕೇಳಿದ ಕೂಡಲೇ ಬಿಡಬೇಕು. ಬಿಟ್ಟರೆ ಗಾಳಿ ಹೋದೀತು ಅಂತ ಮತ್ತೆ ಮತ್ತೆ ಒತ್ತಬೇಡಿ, ಗಾಳಿ ಹೋದರೂ ಒಮ್ಮೆ ಕೂತ ಅಂಚು ಅಲ್ಲೇ ಇರುತ್ತದೆ. ಟಯರಿನ ಬದಿಯಲ್ಲಿ ಒಂದು ಲೆಕ್ಕ ಇರುತ್ತದೆ, ರಿಮ್ಮಿಗೂ ಒಂದು ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಮೇಲೆ ಯಾವತ್ತೂ ಹೋಗಬಾರದು. ನಿಮ್ಮ ಅಳತೆಯ ಟಯರು ಸಾಧಾರಣ 40ರ ಒಳಗೆ ಕೂರಬೇಕು. ಕೂರದಿದ್ದರೆ ಗಾಳಿ ಬಿಟ್ಟು ಪುನಃ ಸೋಪು ಹಚ್ಚಿ, ಮೀಟರ್ ಏರಿಸುತ್ತಾ ಹೋಗಬೇಡಿ. ಮುಖ ಹತ್ತಿರ ಇಡಬೇಡಿ, ಬೆರಳು ಅಂಚಿನಲ್ಲಿ ಬೇಡ, ಮಕ್ಕಳು ಹತ್ತಿರ ಬೇಡ.

ಕೋಲಾ ಬಾಟಲಿಯಲ್ಲಿ ಗಾಳಿ ತುಂಬಿಸಿ ಒಮ್ಮೆಲೇ ಬಿಡುವ ವೀಡಿಯೊ ನೀವೂ ನೋಡಿರಬಹುದು. ದಯವಿಟ್ಟು ಮಾಡಬೇಡಿ. ಪ್ಲಾಸ್ಟಿಕ್ ಬಾಟಲಿ ಯಾವಾಗ ಒಡೆಯುತ್ತದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಒಡೆದರೆ ಕಣ್ಣು ಹೋಗುತ್ತದೆ. ಹಾಗೇ ಬೇಕಿದ್ದರೆ ಇದಕ್ಕೆಂದೇ ಮಾಡಿದ ಗಾಳಿ ಟ್ಯಾಂಕ್ ಇರುವ ಪಂಪ್ ಸಿಗುತ್ತದೆ, ಮೊದಲು ಟ್ಯಾಂಕಿಗೆ ಹೊಡೆದು ಆಮೇಲೆ ಕೀಲಿ ತಿರುಗಿಸಿ ಒಮ್ಮೆಲೇ ಬಿಡುವುದು. ಮೂರ್ನಾಲ್ಕು ಜನ ಸೇರಿ ಒಂದು ತೆಗೆದುಕೊಳ್ಳಬಹುದು.

ಅಡ್ಕಸ್ಥಳ_ಸವಾರಿ

ತುಂಬಾ ಉಪಕಾರ ಆಯಿತು ಇಬ್ಬರಿಗೂ. ನಿನ್ನೆ ರಾತ್ರಿ ಟ್ಯೂಬ್ ಹಾಕಿ ಇಟ್ಟೆ. ಇವತ್ತು ಹಿಂದಿನ ಗಾಲಿ ಹತ್ತೇ ನಿಮಿಷದಲ್ಲಿ ಕೂತಿತು! ಕೋರ್ ತೆಗೆದದ್ದೇ ದೊಡ್ಡ ವ್ಯತ್ಯಾಸ, ಮೂರನೇ ಹೊಡೆತಕ್ಕೆ ಟಯರು ಉಬ್ಬುವುದು ಕಂಡಿತು. ಶಬ್ದಕ್ಕೆ ಅಪ್ಪ ಒಳಗಿನಿಂದ ಓಡಿ ಬಂದರು.

ಆದರೆ ಮುಂದಿನದು ಕೂತರೂ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಕೋರ್ ಹಾಕಿ 30 ಹೊಡೆದೆ, ಚಹಾ ಕುಡಿದು ಬರುವಾಗ 12. ಬದಿಯಲ್ಲಿ ಎಲ್ಲೂ ಗುಳ್ಳೆ ಇಲ್ಲ. ಇನ್ನೂ ಸೀಲೆಂಟ್ ಹಾಕಲಿಲ್ಲ. ಹಾಕಿದರೆ ಸರಿಯಾದೀತಾ?

ಕುಂಬಳೆ_ಹೊಳೆಬದಿ

ಹಾಕಬೇಡಿ, ಸ್ವಲ್ಪ ತಡೆಯಿರಿ. ಗಾಲಿಗೆ ಇಡೀ ಸೋಪಿನ ನೀರು ಹಚ್ಚಿ, ಟಯರಿನ ಬದಿಗೆ ಮಾತ್ರ ಅಲ್ಲ, ಕಡ್ಡಿಗಳು ರಿಮ್ಮಿಗೆ ಸೇರುವಲ್ಲಿಯೂ. ಅಲ್ಲಿ ಗುಳ್ಳೆ ಬಂದರೆ ಟಯರಿನ ತಪ್ಪಲ್ಲ, ಟೇಪಿನದ್ದು. ಗಾಳಿ ಟೇಪಿನ ಅಡಿಗೆ ನುಗ್ಗಿ ರಿಮ್ಮಿನ ಹೊಟ್ಟೆಯೊಳಗೆ ಓಡಾಡಿ ಯಾವುದೋ ಕಡ್ಡಿಯ ತೂತಿನಿಂದ ಹೊರಗೆ ಬರುತ್ತದೆ. ಗುಳ್ಳೆ ಬಂದಲ್ಲೇ ಟೇಪ್ ಹೋಗಿರಬೇಕೆಂದೂ ಇಲ್ಲ. ವಾಲ್ವಿನ ಬುಡದಲ್ಲಿ ಗುಳ್ಳೆ ಬಂದರೆ ನಟ್ಟು ಕೈಯಲ್ಲೇ ಇನ್ನೊಂದು ಸುತ್ತು ಬಿಗಿ ಮಾಡಿ, ಇಕ್ಕಳ ಬೇಡ. ಟಯರಿನ ಅಂಚಿನಲ್ಲಿ ಸಣ್ಣ ಗುಳ್ಳೆ ಇದ್ದರೆ ಚಿಂತೆ ಇಲ್ಲ, ಅದನ್ನು ಸೀಲೆಂಟ್ ಮುಚ್ಚುತ್ತದೆ.

ನಿಮ್ಮ ಟೇಪ್ ಎಷ್ಟು ಅಗಲ? ರಿಮ್ಮಿನ ಒಳಗಿನ ಅಗಲ ಎಷ್ಟು?

ಅಡ್ಕಸ್ಥಳ_ಸವಾರಿ

ನೀವು ಹೇಳಿದ ಹಾಗೇ ಕಡ್ಡಿಯ ಬುಡದಲ್ಲಿ ಗುಳ್ಳೆ, ಮೂರು ಕಡೆ. ಈಗ ಅಳೆದೆ, ರಿಮ್ಮು ಒಳಗೆ 27 ಮಿಲಿಮೀಟರ್, ಟೇಪ್ 25.

ಕುಂಬಳೆ_ಹೊಳೆಬದಿ

ಹಾಗಾದರೆ ಅದೇ. ರಿಮ್ಮಿನ ಒಳಗಿನ ಅಗಲಕ್ಕಿಂತ ಟೇಪ್ ಮೂರು ನಾಲ್ಕು ಮಿಲಿಮೀಟರ್ ಜಾಸ್ತಿ ಇರಬೇಕು, ತಗ್ಗಿಗೆ ಇಳಿದು ಹತ್ತಿ ಎರಡು ಗೋಡೆಗೂ ತಾಗಬೇಕಲ್ಲ. ನಿಮ್ಮದಕ್ಕೆ 30 ತನ್ನಿ. ಹಿಂದಿನ ಗಾಲಿಯಲ್ಲೂ ಅದೇ ಟೇಪ್ ತಾನೆ? ಈಗ ನಿಂತರೂ ಎರಡನ್ನೂ ಬದಲಿಸಿ.

ಹಳೆ ಟೇಪಿನ ಅಂಟನ್ನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ನಮ್ಮ ಊರಿನ ಗಾಳಿಯೇ ಒದ್ದೆ, ಹಾಗಾಗಿ ಸ್ವಲ್ಪ ಬಿಸಿಲಿಗೆ ಇಟ್ಟು ಸುತ್ತಿದರೆ ಒಳ್ಳೆಯದು. ಟೇಪನ್ನು ಎಳೆದು ಬಿಗಿಯಾಗಿ ಸುತ್ತಬೇಕು, ಹೆಬ್ಬೆರಳಲ್ಲಿ ನಡುವಿನಿಂದ ಬದಿಗೆ ತಿಕ್ಕುತ್ತಾ. ಕಡ್ಡಿಯ ತೂತುಗಳ ಮೇಲೆ ಟೇಪ್ ಡೊಳ್ಳಿನ ಚರ್ಮದ ಹಾಗೆ ನಿಲ್ಲಬೇಕು, ಸುಕ್ಕು ಒಂದೂ ಇರಬಾರದು. ವಾಲ್ವಿನ ತೂತಿನ ಮೇಲೆ ಎರಡು ಪದರ ಬರಲಿ. ಅಲ್ಲಿ ಬ್ಲೇಡಿನಿಂದ ಕೊಯ್ಯಬೇಡಿ, ಕೊಯ್ದದ್ದು ಹರಿಯುತ್ತಾ ಹೋಗುತ್ತದೆ. ಸಣ್ಣ ಮೊಳೆ ಬಿಸಿ ಮಾಡಿ ಚುಚ್ಚಿ, ತೂತಿನ ಅಂಚು ಕರಗಿ ಗಟ್ಟಿ ನಿಲ್ಲುತ್ತದೆ. ಮತ್ತೆ ಒಂದು ರಾತ್ರಿ ಟ್ಯೂಬ್ ಹಾಕಿ ಗಾಳಿ ತುಂಬಿಸಿ ಇಟ್ಟರೆ ಟೇಪ್ ಚೆನ್ನಾಗಿ ಹಿಡಿಯುತ್ತದೆ. ಟಯರು ತೆಗೆಯುವಾಗ ಸ್ಕ್ರೂಡ್ರೈವರ್ ಹಾಕಬೇಡಿ, ಒಂದು ಗೀರು ಬಿದ್ದರೆ ಇಷ್ಟೂ ಕೆಲಸ ಪುನಃ.

ಗಾಳಿ ನಿಂತ ಮೇಲೆ ಸೀಲೆಂಟ್. ಕೋರ್ ತೆಗೆದು ಸಿರಿಂಜಿನಲ್ಲಿ ವಾಲ್ವಿನ ಮೂಲಕವೇ ಹಾಕಿ, 2.25 ಟಯರಿಗೆ 100ರಿಂದ 120 ಮಿಲಿಲೀಟರ್. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಅಡಿಯಲ್ಲಿ ಗಟ್ಟಿ ಕಣ ಕೂತಿರುತ್ತದೆ, ತೂತು ಮುಚ್ಚಲು ಅದೂ ಬೇಕು. ಗಾಳಿ ಹೊಡೆದು ಗಾಲಿ ತಿರುಗಿಸಿ, ಆಮೇಲೆ ಒಂದು ಬಕೆಟಿನ ಮೇಲೆ ಐದೈದು ನಿಮಿಷ ಎರಡು ಬದಿಗೂ ಮಲಗಿಸಿ ಇಡಿ.

ನಿಮ್ಮ ಮಾವನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಹೆಚ್ಚಿನ ಸೀಲೆಂಟ್‌ಗಳ ಮೂಲ ಲೇಟೆಕ್ಸೇ, ಅಂದರೆ ರಬ್ಬರ್ ಹಾಲೇ. ಆದರೆ ಬೆಳಿಗ್ಗೆ ಟ್ಯಾಪಿಂಗ್ ಮಾಡಿದ ಹಾಲು ಮಧ್ಯಾಹ್ನ ಎತ್ತದಿದ್ದರೆ ಏನಾಗುತ್ತದೆ ಅಂತ ಮಾವನಿಗೇ ಚೆನ್ನಾಗಿ ಗೊತ್ತು, ಗೆರಟೆಯಲ್ಲೇ ಹೆಪ್ಪುಗಟ್ಟಿ ಒಟ್ಟುಪಾಲು (ಗಟ್ಟಿಯಾದ ಚೂರು ರಬ್ಬರ್) ಆಗುತ್ತದೆ. ಟಯರಿನೊಳಗೂ ಅದೇ ಆಗುವುದು, ಒಂದು ಕಡೆ ಉಂಡೆ ಕಟ್ಟಿ ಗಾಲಿ ತಿರುಗುವಾಗ ದಡದಡ ಅನ್ನುತ್ತದೆ, ಮುಳ್ಳು ಚುಚ್ಚಿದಾಗ ಮುಚ್ಚಲು ಹಾಲೇ ಇರುವುದಿಲ್ಲ. ಹೆಚ್ಚಿನ ಲೇಟೆಕ್ಸ್ ಸೀಲೆಂಟ್‌ಗಳಲ್ಲಿ ಹೆಪ್ಪುಗಟ್ಟದ ಹಾಗೆ ಅಮೋನಿಯಾ ಹಾಕಿರುತ್ತಾರೆ, ನಿಮಗೆ ಬಂದ ವಾಸನೆ ಅದರದ್ದಿರಬಹುದು. ಹಾಲು ಡ್ರಮ್ಮಿನಲ್ಲಿ ತುಂಬಿಸಿ ಕಳಿಸುವವರೂ ಅಮೋನಿಯಾ ಹಾಕುತ್ತಾರಲ್ಲ.

ಗ್ಯಾಸ್ ಕಾರ್ಟ್ರಿಜ್ ಕೇಳಿದ್ದಿರಿ. ಅದರಲ್ಲಿರುವುದು ಕಾರ್ಬನ್ ಡೈಆಕ್ಸೈಡ್. ಒಂದು 16 ಗ್ರಾಂ ಕಾರ್ಟ್ರಿಜ್ ದಾರಿಯಲ್ಲಿ ಸಿಕ್ಕಿಬಿದ್ದಾಗ ಒಳ್ಳೆಯದು, ಮನೆಯಲ್ಲಿ ಬೇಡ. ಸೀಲೆಂಟ್ ಇರುವ ಟಯರಿಗೆ ಹೊಡೆದರೆ ಕೆಲವು ಸೀಲೆಂಟ್ ಹೆಪ್ಪುಗಟ್ಟುತ್ತದೆ. ಅದು ನೀರಿಗೆ ಸೇರಿದರೆ ಸ್ವಲ್ಪ ಹುಳಿ, ರಬ್ಬರ್ ಶೀಟ್ ಮಾಡುವಾಗ ಹೆಪ್ಪುಗಟ್ಟಲು ಹಾಲಿಗೆ ಆಸಿಡ್ ಹಾಕುವುದು ನೆನಪಿಸಿಕೊಳ್ಳಿ.

ಅಡ್ಕಸ್ಥಳ_ಸವಾರಿ

ಮಾವನಿಗೆ ಓದಿ ಹೇಳಿದೆ. ಅಮೋನಿಯಾ ಅಂದ ಕೂಡಲೇ "ಹೌದು, ಅದು ಹಾಕಬೇಕು, ಬರೀ ಹಾಲು ನಿಲ್ಲುವುದಿಲ್ಲ" ಅಂತ ಅವರೇ ಒಪ್ಪಿದರು.

30ರ ಟೇಪ್ ಬರಲು ನಾಲ್ಕು ದಿನ ಆಯಿತು. ಎರಡೂ ಗಾಲಿಗೆ ಹೊಸದಾಗಿ ಸುತ್ತಿದೆ. ಮೊದಲ ಗಾಲಿಯಲ್ಲಿ ಸುಕ್ಕು ಬಂತು, ಬಿಚ್ಚಿ ಪುನಃ ಸುತ್ತಿದೆ. ಮುಂದಿನ ಟಯರು ಹಗ್ಗ ಕಟ್ಟಿದ ಮೇಲೆ ಕೂತಿತು. ಟಯರಿನ ಬದಿಯಲ್ಲಿ ರಿಮ್ಮಿಗೆ ಸಮ ಒಂದು ಸಣ್ಣ ಗೆರೆ ಕಾಣುತ್ತದೆ, ಅದು ಒಂದು ಕಡೆ ಮಾತ್ರ ಒಳಗೆ ಮುಳುಗಿತ್ತು. ಗಾಳಿ ಬಿಟ್ಟು ಅಲ್ಲಿಗೆ ಸೋಪು ಹಚ್ಚಿ ಪುನಃ ಹೊಡೆದಾಗ ಇನ್ನೊಂದು ಟಪ್, ಈಗ ಸುತ್ತಲೂ ಗೆರೆ ಸಮ ಉಂಟು. ನಿನ್ನೆ ಸಂಜೆ 30 ಇತ್ತು, ಇವತ್ತು ಬೆಳಿಗ್ಗೆ 28. ಈಗ 23ಕ್ಕೆ ಇಳಿಸಿ ಒಂದು ಸುತ್ತು ಹೋಗಿ ಬಂದೆ, ನನ್ನ ತೂಕ 66 ಕಿಲೋ. ಮುರಕಲ್ಲಿನ ಮೇಲೆ ಕೈ ನಡುಗುವುದು ಎಷ್ಟೋ ಕಡಿಮೆ ಆಗಿದೆ.

ಸೀಲೆಂಟ್ ಎಷ್ಟು ತಿಂಗಳಿಗೊಮ್ಮೆ ಹಾಕಬೇಕು?

ಮುಳ್ಳೇರಿಯ_29

ಬಾಟಲಿಯ ಮೇಲೆ ಆರು ತಿಂಗಳವರೆಗೂ ಬರೆದಿರುತ್ತಾರೆ. ನಮ್ಮ ಸೆಕೆಗೆ ಅಷ್ಟು ನಿಲ್ಲುವುದಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಎರಡು ತಿಂಗಳಿಗೇ ಒಣಗಿದ್ದು ನೋಡಿದ್ದೇನೆ. ಗಾಲಿ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎಳನೀರಿನ ಹಾಗೆ ಕುಲುಕುವುದು ಕೇಳಬೇಕು. ಕೇಳದಿದ್ದರೆ ಇನ್ನೊಂದು 60 ಮಿಲಿಲೀಟರ್ ಸಿರಿಂಜಿನಲ್ಲಿ ಹಾಕಿ. ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಬೇಡಿ. ಮತ್ತೆ ಬ್ಯಾಗಿನಲ್ಲಿ ಒಂದು ಟ್ಯೂಬ್ ಇರಲಿ, ಟಯರಿನ ಬದಿ ಕಲ್ಲಿಗೆ ಸೀಳಿದರೆ ಸೀಲೆಂಟಿನಿಂದ ಆಗುವುದಿಲ್ಲ. ಪೊಸಡಿಗುಂಪೆಯಿಂದ ಪೆರ್ಲಕ್ಕೆ ಸೈಕಲ್ ತಳ್ಳಿಕೊಂಡು ಬರುವುದು ದೂರ.