‘ರೈಸಿಂಗ್ ಸೈನ್’ಗೆ ಬರೀ ‘ಲಗ್ನ’ ಅಂದರೆ ಸಾಕೆ? (ಉಡುಗೆ-ತೊಡುಗೆಯ ಬರಹಕ್ಕೆ)

ಪ್ರಶ್ನೆ, ಬೆಳಗಾವಿಯಿಂದ

ಎಲ್ಲರಿಗೂ ನಮಸ್ಕಾರ. ಜವಳಿ ಅಂಗಡಿಯೊಂದರ ಜಾಲತಾಣಕ್ಕೆ ರಾಶಿಗೊಂದರಂತೆ ಹನ್ನೆರಡು ಸಣ್ಣ ಬರಹಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿದೆ. ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯನ್ನು ಹಿಡಿದು ಬಣ್ಣ, ಬಟ್ಟೆ, ಆಭರಣ, ತುರುಬು ಆರಿಸಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಮೂಲದಲ್ಲಿ ಇರುವುದು ‘ರೈಸಿಂಗ್ ಸೈನ್’. ಶಾಸ್ತ್ರದಲ್ಲಿ ಅದು ಲಗ್ನ ಅನ್ನುವುದರಲ್ಲಿ ತಕರಾರಿಲ್ಲ. ಆದರೆ ‘ನಿಮ್ಮ ಲಗ್ನಕ್ಕೆ ಒಪ್ಪುವ ಸೀರೆ’ ಎಂದು ತಲೆಬರಹ ಹಾಕಿದರೆ ನಮ್ಮ ಕಡೆ ಯಾರೂ ಕುಂಡಲಿ ತೆಗೆಯುವುದಿಲ್ಲ, ಮದುವೆ ಸೀರೆಯ ದರ ಕೇಳುತ್ತಾರೆ.

ಮೂರು ಸಂದೇಹಗಳಿವೆ. ‘ಉದಯರಾಶಿ’ ಎಂದು ಹೊಸದಾಗಿ ಬಳಸಿದರೆ ನಡೆಯುತ್ತದೆಯೇ? ‘ಲಿಯೋ ರೈಸಿಂಗ್’ ಅನ್ನು ನೇರವಾಗಿ ‘ಸಿಂಹ ಲಗ್ನ’ ಎಂದು ಇಳಿಸಬಹುದೇ? ‘ಅಪಿಯರೆನ್ಸ್’ಗೆ ‘ತೋರಿಕೆ’ ಹೊಂದುತ್ತದೆಯೇ?

ಉತ್ತರ, ಬಾಗಲಕೋಟೆಯಿಂದ

ನಮಸ್ಕಾರ್ರೀ. ಬರೀ ‘ಲಗ್ನ’ ಸಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಲಗ್ನ ಯಾವಾಗ?’ ಅಂದರೆ ಮದುವೆ, ‘ಲಗ್ನ ಯಾವುದು?’ ಅಂದರೆ ಜಾತಕ. ನಮ್ಮ ಭಾಗದ ಮಾತಿನಲ್ಲಿ ಈ ಒಂದು ಪ್ರಶ್ನಾರ್ಥಕವೇ ಎರಡನ್ನೂ ಬೇರೆ ಮಾಡುತ್ತದೆ. ‘ನಿಮ್ಮ ಲಗ್ನಕ್ಕೆ’ ಅನ್ನುವಲ್ಲಿ ಎರಡೂ ಇಲ್ಲ, ಹಾಗಾಗಿ ಓದುವವರ ಮನಸ್ಸು ಜವಳಿಯ ಕಡೆಗೇ ಹೋಗುತ್ತದೆ.

ಪದದ ಮೂಲಾರ್ಥ ‘ಅಂಟಿಕೊಂಡದ್ದು, ತಗುಲಿದ್ದು’. ಕಂಠಲಗ್ನ, ಸಂಲಗ್ನ ಅನ್ನುವಲ್ಲಿ ಈಗಲೂ ಅದೇ ಅರ್ಥ ಉಳಿದಿದೆ. ರಾಶಿಚಕ್ರದ ಯಾವ ಬಿಂದು ಪೂರ್ವ ಕ್ಷಿತಿಜಕ್ಕೆ ತಗುಲಿದೆಯೋ ಅದು ಲಗ್ನ. ಮದುವೆಗೆ ಒಳ್ಳೆಯ ಲಗ್ನ ನೋಡಿ ಹೊತ್ತು ಗೊತ್ತು ಮಾಡುತ್ತಿದ್ದುದರಿಂದ ಆ ಹೊತ್ತಿನ ಹೆಸರು ಮದುವೆಗೇ ನಿಂತಿತು. ಇಲ್ಲೇ ಇನ್ನೊಂದು ತೊಡಕು: ಲಗ್ನಪತ್ರಿಕೆಯಲ್ಲಿ ‘ಮಿಥುನ ಲಗ್ನದ ಶುಭಮುಹೂರ್ತದಲ್ಲಿ’ ಎಂದು ಅಚ್ಚಾಗಿರುತ್ತದಲ್ಲ, ಅದು ವಧುವಿನದೂ ಅಲ್ಲ, ವರನದೂ ಅಲ್ಲ, ಅಕ್ಕಿಕಾಳು ಬೀಳುವ ಆ ಹೊತ್ತಿನದು. ರಾಶಿಯ ಹೆಸರು ಸೇರಿಸಿದ ಮಾತ್ರಕ್ಕೆ ಗೊಂದಲ ಪೂರ್ತಿ ಹೋಗುವುದಿಲ್ಲ ಎಂದಾಯಿತು. ತಲೆಬರಹಕ್ಕೂ ಮೊದಲ ಸಾಲಿಗೂ ‘ಜನ್ಮಲಗ್ನ’ ಇರಲಿ. ಒಳಗೆ ‘ಸಿಂಹ ಲಗ್ನದವರು’, ‘ತುಲಾ ಲಗ್ನದವರು’ ಅನ್ನಿ. ಬರೀ ‘ಲಗ್ನ’ವನ್ನು ಸೀರೆ, ಉಡುಪು, ಆಭರಣದ ಪಕ್ಕ ಕೂಡಿಸಬೇಡಿ.

ಎರಡನೆಯದು ಬರೀ ಪದದ ಪ್ರಶ್ನೆಯಲ್ಲ, ಅಲ್ಲಿ ಲೆಕ್ಕವೇ ಬೇರೆ. ಇಂಗ್ಲಿಷಿನ ಈ ಬಗೆಯ ಬರಹಗಳು ಸಾಯನ ಪದ್ಧತಿಯವು, ಅಂದರೆ ರಾಶಿಗಳನ್ನು ವಸಂತ ವಿಷುವದ ಬಿಂದುವಿನಿಂದ ಎಣಿಸುವವು. ನಮ್ಮ ಪಂಚಾಂಗ, ಜಾತಕ ನಿರಯನ, ಅಂದರೆ ಸ್ಥಿರ ನಕ್ಷತ್ರಗಳನ್ನು ಹಿಡಿದು ಎಣಿಸುವವು. ನಡುವಿನ ಅಂತರವೇ ಅಯನಾಂಶ. ರಾಷ್ಟ್ರೀಯ ಪಂಚಾಂಗಕ್ಕೆ ಒಪ್ಪಿಕೊಂಡ ಚಿತ್ರಾಪಕ್ಷದ (ಚಿತ್ರಾ ನಕ್ಷತ್ರವನ್ನು ಆಧಾರವಾಗಿ ಹಿಡಿದ) ಲೆಕ್ಕದಲ್ಲಿ 1956ರ ಮಾರ್ಚ್ 21ಕ್ಕೆ ಅದು 23 ಅಂಶ 15 ಕಲೆ ಇತ್ತು, ಈಗ 24 ದಾಟಿದೆ. ಸಾಯನದಲ್ಲಿ ಸಿಂಹದ 10ನೇ ಅಂಶ ಮೂಡುತ್ತಿದ್ದರೆ ನಮ್ಮ ಲೆಕ್ಕಕ್ಕೆ ಅದು ಕರ್ಕದ ಸುಮಾರು 16ನೇ ಅಂಶ. ಸಿಂಹದ 27 ಇದ್ದರೆ ಮಾತ್ರ ಸಿಂಹವಾಗಿಯೇ, ಅದೂ 3ನೇ ಅಂಶದ ಆಸುಪಾಸು ಉಳಿಯುತ್ತದೆ. ಒಂದು ರಾಶಿಗೆ 30 ಅಂಶ, ಅದರಲ್ಲಿ 24 ಹಿಂದಿನ ರಾಶಿಗೆ ಜಾರುತ್ತವೆ. ಮೂಲದಲ್ಲಿ ‘ಲಿಯೋ’ ಎಂದು ಓದಿಕೊಂಡ ಐವರಲ್ಲಿ ಸುಮಾರು ನಾಲ್ವರ ಮನೆಯ ಜಾತಕದಲ್ಲಿ ಕರ್ಕ ಲಗ್ನ ಬರೆದಿರುತ್ತದೆ. ‘ಸಿಂಹ ಲಗ್ನ’ ಎಂದು ಕನ್ನಡಿಸಿ ಬಿಟ್ಟರೆ ಓದುಗರು ಜಾತಕ ತೆಗೆದು ನೋಡಿ, ಒಬ್ಬರ ಬಣ್ಣವನ್ನು ಇನ್ನೊಬ್ಬರು ಉಟ್ಟುಕೊಳ್ಳುತ್ತಾರೆ. ‘ಸಾಯನ ಸಿಂಹ ಲಗ್ನ’ ಎಂದು ಬರೆಯಿರಿ, ಇಲ್ಲವೇ ಬರಹವನ್ನೇ ನಿರಯನಕ್ಕೆ ಹೊಸದಾಗಿ ಕಟ್ಟಿರಿ. ಒಂದೇ ಪುಟದಲ್ಲಿ ಎರಡನ್ನೂ ಕಲಸುವುದಂತೂ ಬೇಡ.

‘ನಿಮ್ಮ ಲಗ್ನ ತಿಳಿಯುವುದು ಹೇಗೆ’ ಎಂಬ ಚೌಕ ಹಾಕುವಿರಾದರೆ, ಎಡವುವ ಜಾಗಗಳು ಇವು.

ಹಳೆಯ ಜಾತಕಗಳಲ್ಲಿ ಜನ್ಮಕಾಲ ಸೂರ್ಯೋದಯದಿಂದ ಎಣಿಸಿದ ಘಟಿಯಲ್ಲಿ ಇರುತ್ತದೆ. ‘8-15’ ಅಂದರೆ ಎಂಟೂಕಾಲು ಗಂಟೆ ಅಲ್ಲ, 8 ಘಟಿ 15 ವಿಘಟಿ (ಘಟಿಯ ಅರವತ್ತನೇ ಒಂದು ಪಾಲು ವಿಘಟಿ). ಘಟಿಗೆ 24 ನಿಮಿಷದಂತೆ 3 ಗಂಟೆ 18 ನಿಮಿಷ. ಸೂರ್ಯೋದಯ 6-20ಕ್ಕಿದ್ದರೆ ಹುಟ್ಟಿದ್ದು ಬೆಳಗಿನ 9-38. ಇದನ್ನು 8-15 ಎಂದೇ ಮೊಬೈಲಿಗೆ ಕೊಟ್ಟರೆ ಎಂಬತ್ತಕ್ಕೂ ಹೆಚ್ಚು ನಿಮಿಷ ತಪ್ಪಿ, ಬಹಳ ಸಲ ಲಗ್ನವೇ ಬದಲಾಗುತ್ತದೆ.

ಎಲ್ಲ ಲಗ್ನಕ್ಕೂ ಸರಿಯಾಗಿ ಎರಡು ತಾಸು ಅನ್ನುವುದೂ ತಪ್ಪು. ಬೆಳಗಾವಿಯ ಪಲಭಾ, ಅಂದರೆ ವಿಷುವದ ದಿನ ನಡುಹಗಲಿಗೆ 12 ಅಂಗುಲದ ಕೋಲಿನ ನೆರಳು, ಸುಮಾರು 3.4 ಅಂಗುಲ. ಅದರ ಪ್ರಕಾರ ಸಾಯನ ಮೇಷ ಮೂಡಿ ಮುಗಿಯಲು 1 ಗಂಟೆ 38 ನಿಮಿಷ ಸಾಕು, ಸಾಯನ ಕರ್ಕಕ್ಕೆ 2 ಗಂಟೆ 14 ನಿಮಿಷ ಬೇಕು. ಊರನ್ನೂ ಸರಿಯಾಗಿ ಕೊಡಬೇಕು: ಬೆಳಗಾವಿಯಲ್ಲಿ ಹುಟ್ಟಿದವರಿಗೆ ಬೆಂಗಳೂರೆಂದು ಕೊಟ್ಟರೆ ರೇಖಾಂಶದಿಂದಲೇ 12 ನಿಮಿಷದ ಫರಕು, ಅಂದರೆ ಲಗ್ನದಲ್ಲಿ ಸುಮಾರು 3 ಅಂಶ. ರಾಶಿಯ ನಡುವೆ ಇದ್ದವರಿಗೆ ಇದು ತಾಕುವುದಿಲ್ಲ, ಅಂಚಿನಲ್ಲಿ ಇದ್ದವರಿಗೆ ತಾಕುತ್ತದೆ.

ಕೊನೆಯದಾಗಿ ಕುಂಡಲಿಯ ಚಿತ್ರ. ನಿಮ್ಮ ಬೆಳಗಾವಿಯಲ್ಲಿ ಎರಡೂ ಬಗೆ ಕೈಗೆ ಬರುತ್ತವೆ. ಚೌಕದ ಕುಂಡಲಿಯಲ್ಲಿ ರಾಶಿಗಳು ಕದಲುವುದಿಲ್ಲ, ಮೇಲಿನ ಎಡ ಮೂಲೆ ಯಾವಾಗಲೂ ಮೀನ. ‘ಲ’ ಎಂದು ಬರೆದ ಅಥವಾ ಓರೆಗೆರೆ ಎಳೆದ ಮನೆಯೇ ಲಗ್ನ. ಮಹಾರಾಷ್ಟ್ರದ ಕಡೆಯ ಓರೆ ಮನೆಗಳ ಕುಂಡಲಿಯಲ್ಲಿ ಮೇಲಿನ ನಡುಮನೆ ಯಾವಾಗಲೂ ಲಗ್ನ, ಅದರೊಳಗಿನ ಅಂಕಿ ರಾಶಿಯದು. 5 ಇದ್ದರೆ ಸಿಂಹ. ಅದನ್ನು ‘ಐದನೇ ಮನೆ’ ಎಂದು ಓದುವವರು ಬೇಕಾದಷ್ಟು ಜನ.

ಉತ್ತರ, ವಿಜಯಪುರದಿಂದ

‘ಉದಯರಾಶಿ’ ಬೇಡವೇ ಬೇಡ್ರಿ. ಕನ್ನಡದಲ್ಲಿ ‘ನಿಮ್ಮ ರಾಶಿ ಯಾವುದು’ ಅಂದರೆ ಚಂದ್ರ ಇರುವ ರಾಶಿ. ‘ಉದಯ’ ಎಂದು ಮುಂದೆ ಸೇರಿಸಿದರೂ ಓದುಗರ ಕಣ್ಣು ‘ರಾಶಿ’ ಮೇಲೆ ನಿಂತು, ತಮ್ಮ ಜನ್ಮರಾಶಿಯನ್ನೇ ಹಿಡಿದುಕೊಂಡು ಓದುತ್ತಾರೆ. ಶಾಸ್ತ್ರ ಬಲ್ಲವರಿಗೆ ಅದು ಬೇರೊಂದು ವಿಂಗಡಣೆ ನೆನಪಿಸುತ್ತದೆ: ತಲೆ ಮುಂದಾಗಿ ಮೂಡುವ ಶೀರ್ಷೋದಯ, ಬೆನ್ನು ಮುಂದಾಗಿ ಮೂಡುವ ಪೃಷ್ಠೋದಯ ರಾಶಿಗಳು. ನಮ್ಮ ಹೊಲಗಳ ಕಡೆಯಂತೂ ರಾಶಿ ಅಂದರೆ ಜೋಳದ್ದು.

‘ತೋರಿಕೆ’ಯೂ ಬೇಡ, ಅದರಲ್ಲಿ ಸೋಗಿನ ವಾಸನೆ ಇದೆ. ‘ತೋರಿಕೆಯ ಮಾತು’ ಅಂದಂತೆ ಆಗುತ್ತದೆ. ‘ಚಹರೆ’ ಮುಖಕ್ಕಷ್ಟೇ. ಲಗ್ನವೇ ತನುಭಾವ (ಜಾತಕದಲ್ಲಿ ದೇಹದ ಮನೆ), ಮೈಕಟ್ಟು, ಮೈಬಣ್ಣ, ತಲೆ ಎಲ್ಲವನ್ನೂ ಅಲ್ಲಿಂದಲೇ ಹೇಳುವುದು. ಆದ್ದರಿಂದ ದೇಹದ ಮಾತಿಗೆ ‘ಮೈಕಟ್ಟು’, ಬಟ್ಟೆಯ ಮಾತಿಗೆ ‘ಉಡುಗೆ-ತೊಡುಗೆ’ ಎಂದು ಬೇರೆ ಬೇರೆ ಬಳಸಿರಿ. ಎರಡೂ ಸೇರಿ ಒಟ್ಟು ನೋಟಕ್ಕೆ ‘ಠಾಕುಠೀಕು’ ಅನ್ನಬಹುದು, ಆದರೆ ಅದು ಅಚ್ಚುಕಟ್ಟಾಗಿ ಉಟ್ಟವರಿಗೆ ಮಾತ್ರ ಸಲ್ಲುವ ಮಾತು. ಕೂದಲು ಕೆದರಿಕೊಂಡೇ ಚೆಂದ ಕಾಣುವ ಫ್ಯಾಷನ್ನಿಗೆ ಹೊಂದುವುದಿಲ್ಲ. ‘ಸ್ಟೈಲ್’ ಅನ್ನು ‘ಸ್ಟೈಲ್’ ಎಂದೇ ಬಿಟ್ಟರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಉತ್ತರ, ಇಳಕಲ್ಲಿನಿಂದ

ಪದಗಳ ಜಗಳ ಮುಗಿದರೂ ಬಣ್ಣದ ಜಗಳ ಉಳಿಯುತ್ತದೆ. ರಾಶಿಗಳ ಬಣ್ಣಕ್ಕೆ ನಮ್ಮಲ್ಲಿ ಹಳೆಯ ಪಟ್ಟಿಯೇ ಇದೆ. ವರಾಹಮಿಹಿರನ ಜ್ಯೋತಿಷ ಗ್ರಂಥ ಬೃಹಜ್ಜಾತಕದ ಮೊದಲ ಅಧ್ಯಾಯದಲ್ಲಿ ಮೇಷದಿಂದ ಸಾಲಾಗಿ ಹೀಗೆ: ಕೆಂಪು, ಬಿಳಿ, ಗಿಳಿಹಸಿರು, ಪಾಟಲ ಅಂದರೆ ತಿಳಿಗೆಂಪು, ಹೊಗೆ ಬಿಳುಪು, ಚಿತ್ರ ಅಂದರೆ ಹಲವು ಬಣ್ಣ ಕೂಡಿದ್ದು, ಕಪ್ಪು, ಬಂಗಾರ, ಪಿಂಗಲ ಅಂದರೆ ಕಂದು-ಹಳದಿ, ಮಚ್ಚೆಮಚ್ಚೆ, ಮುಂಗುಸಿ ಬಣ್ಣ, ಸ್ವಚ್ಛ. ಇವು ರಾಶಿಯ ಬಣ್ಣಗಳು, ಇದನ್ನೇ ಉಡಬೇಕೆಂಬ ವಿಧಿ ಅಲ್ಲಿಲ್ಲ. ಆದರೆ ನಿಮ್ಮ ಮೂಲದ ಬರಹದೊಂದಿಗೆ ಇವು ಎಲ್ಲಿ ಡಿಕ್ಕಿ ಹೊಡೆಯುತ್ತವೆ ಗೊತ್ತಿರಬೇಕು. ಪಶ್ಚಿಮದ ಬರಹಗಳಲ್ಲಿ ಕಪ್ಪು ಸಾಮಾನ್ಯವಾಗಿ ವೃಶ್ಚಿಕಕ್ಕೆ, ತಿಳಿ ಗುಲಾಬಿ ತುಲೆಗೆ. ನಮ್ಮ ಪಟ್ಟಿಯಲ್ಲಿ ತುಲೆಯೇ ಕಪ್ಪು, ವೃಶ್ಚಿಕ ಬಂಗಾರ. ತುಲಾ ಲಗ್ನಕ್ಕೆ ಕಪ್ಪು ಅಂದರೆ ನಮ್ಮ ಭಾಗದಲ್ಲಿ ಯಾರೂ ಹುಬ್ಬೇರಿಸಬೇಕಿಲ್ಲ, ಮದುಮಗಳಿಗೂ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವ ಪದ್ಧತಿ ಇದ್ದ ಸೀಮೆ ಇದು.

ಬಟ್ಟೆಯ ಗುಣ ಮಾತ್ರ ಬೃಹಜ್ಜಾತಕದಲ್ಲಿ ರಾಶಿಗಲ್ಲ, ಗ್ರಹಕ್ಕೆ ಹೇಳಿದ್ದು. ರವಿಗೆ ಒರಟು ಬಟ್ಟೆ, ಚಂದ್ರನಿಗೆ ಇನ್ನೂ ಉಡದ ಹೊಸದು, ಕುಜನಿಗೆ ಬೆಂಕಿ ತಾಗಿದ್ದು, ಬುಧನಿಗೆ ನೀರು ತಾಗಿದ್ದು, ಗುರುವಿಗೆ ಮಧ್ಯಮ, ಶುಕ್ರನಿಗೆ ಗಟ್ಟಿಮುಟ್ಟು, ಶನಿಗೆ ಹರಿದದ್ದು. ಇದನ್ನು ಲಗ್ನಾಧಿಪತಿಯ (ಲಗ್ನದ ರಾಶಿಗೆ ಒಡೆಯನಾದ ಗ್ರಹದ) ಮೂಲಕ ಲಗ್ನಕ್ಕೆ ಹಚ್ಚುವುದಾದರೆ, ಶನಿ ಒಡೆಯನಾದ ಮಕರ, ಕುಂಭ ಲಗ್ನದವರಿಗೆ ಮೊಣಕಾಲು ಹರಿದ ಜೀನ್ಸು ಶಾಸ್ತ್ರಸಮ್ಮತ! ನಿಮ್ಮ ಮೂಲದಲ್ಲಿ ಮಕರಕ್ಕೆ ಇಸ್ತ್ರಿ ಮಾಡಿದ ಕೋಟು ಇರಬಹುದು, ನೋಡಿಕೊಳ್ಳಿ.

ಅಂಗಗಳಲ್ಲೂ ಹೀಗೆಯೇ. ಪಶ್ಚಿಮದಲ್ಲಿ ವೃಷಭಕ್ಕೆ ಕೊರಳು, ಅದಕ್ಕೇ ಸರಗಳ ಮಾತು. ಬೃಹಜ್ಜಾತಕದ ಕಾಲಪುರುಷನಲ್ಲಿ, ಅಂದರೆ ಹನ್ನೆರಡು ರಾಶಿಗಳನ್ನು ಅಂಗಗಳಾಗಿ ಎಣಿಸಿದ ದೇಹದಲ್ಲಿ, ವೃಷಭ ಮುಖ, ಅಂದರೆ ನತ್ತು, ಬೆಂಡೋಲೆಯ ಜಾಗ. ಕನ್ಯೆಗೆ ಅಲ್ಲಿ ಬಳಸಿದ ಪದ ‘ವಾಸೋಭೃತ್’, ಬಟ್ಟೆ ಹೊರುವ ಜಾಗ, ನಮ್ಮ ಮಾತಿನಲ್ಲಿ ಟೊಂಕ. ಉಡುಗೆಯ ಬರಹಕ್ಕೆ ಇದಕ್ಕಿಂತ ಒಳ್ಳೆಯ ಪದ ಇನ್ನೆಲ್ಲಿ ಸಿಕ್ಕೀತು? ಕನ್ಯಾ ಲಗ್ನಕ್ಕೆ ಡಾಬು, ನಿರಿಗೆಯ ಕಟ್ಟು ಎಂದು ಬರೆಯಬಹುದು, ಮೂಲದ ‘ಬೆಲ್ಟ್’ ಕೂಡ ಅಲ್ಲೇ ಹೊಂದಿಕೊಳ್ಳುತ್ತದೆ.

ಇಳಕಲ್ ಸೀರೆಯ ಉದಾಹರಣೆ ಕೊಡುವಿರಾದರೆ ಒಂದು ಎಚ್ಚರ. ‘ಲಗ್ನಕ್ಕೆ ತಕ್ಕ ಬಣ್ಣದ ಸೆರಗು’ ಎಂದು ಬರೆಯಬೇಡಿ. ಇಳಕಲ್ಲಿನ ‘ಟೋಪ್ ತೆನಿ’ ಎಂಬ ಸೆರಗು ಕೆಂಪು-ಬಿಳಿಯದು, ಒಡಲು ಯಾವ ಬಣ್ಣದ್ದಿದ್ದರೂ ಅದು ಹಾಗೆಯೇ. ಒಡಲಿನ ಹಾಸು (ಮಗ್ಗದ ಉದ್ದದ ಎಳೆಗಳು), ಸೆರಗಿನ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಆದ್ದರಿಂದ ಒಂದೊಂದು ಸೀರೆಗೂ ಹಾಸು ಬೇರೆಯಾಗಿ ಹೂಡಬೇಕು. ಗಿರಾಕಿ ಆರಿಸಬಹುದಾದದ್ದು ಒಡಲಿನ ಬಣ್ಣ, ದಡಿಯ ಬಗೆ (ಗೋಮಿ, ಗಾಯತ್ರಿ, ಚಿಕ್ಕಿ ಪರಾಸು). ಮಿಥುನ ಲಗ್ನಕ್ಕೆ ಗಿಳಿಹಸಿರು ಒಡಲು ಅಂದರೆ ಅಂಗಡಿಯಲ್ಲಿ ಸಿಗುವ ಮಾತು. ಮೀನ ಲಗ್ನಕ್ಕೆ ‘ಸ್ವಚ್ಛ’ ಬಣ್ಣ ಅಂದರೆ ನೇಕಾರರು ‘ಹಂಗಂದ್ರ ಯಾವುದ್ರೀ?’ ಅಂತಾರೆ. ಅಲ್ಲಿ ಬಣ್ಣ ಹೆಸರಿಸದೆ ಗುಳೇದಗುಡ್ಡದ ಖಣದ ಕುಪ್ಪಸದ ಕಡೆ ಹೊರಳಿಕೊಳ್ಳುವುದು ವಾಸಿ.

ಇನ್ನು ಕುಂಕುಮಗೆಂಪಾದ ‘ಗಿರಿಕುಂಕುಮ’ವನ್ನು ಮೇಷ ಲಗ್ನದ ಬಣ್ಣವೆಂದು ಹಾಕುವ ಆಸೆ ಬರಬಹುದು. ಅದು ಮದುಮಗಳ ಸೀರೆಯ ಬಣ್ಣ. ‘ಮೇಷ ಲಗ್ನಕ್ಕೆ ಗಿರಿಕುಂಕುಮ’ ಎಂದು ಅಚ್ಚಾದರೆ ಬಾಗಲಕೋಟೆಯವರು ಇಷ್ಟೊತ್ತು ಬಿಡಿಸಿದ ಗಂಟನ್ನು ನೀವೇ ಮತ್ತೆ ಹಾಕಿದಂತೆ.

ಮರುಪ್ರಶ್ನೆ, ಬೆಳಗಾವಿಯಿಂದ

ಎಲ್ಲರಿಗೂ ಧನ್ಯವಾದ. ‘ಜನ್ಮಲಗ್ನ ಮತ್ತು ಉಡುಗೆ-ತೊಡುಗೆ’ ಎಂದು ತಲೆಬರಹ, ಅದರ ಕೆಳಗೆ ‘ಸಾಯನ ಲೆಕ್ಕದ ಪ್ರಕಾರ’ ಎಂದು ಒಂದು ಸಾಲು ಹಾಕುತ್ತಿದ್ದೇವೆ. ಒಂದು ಉಳಿಯಿತು: ಲಗ್ನದಲ್ಲೇ ಗ್ರಹ ಕೂತಿದ್ದರೆ ಮೂಲದಲ್ಲಿ ‘ವೀನಸ್ ಆನ್ ದಿ ಅಸೆಂಡೆಂಟ್’ ಎಂದಿದೆ. ‘ಲಗ್ನದ ಮೇಲೆ ಶುಕ್ರ’ ಅನ್ನಬಹುದೇ?

ಉತ್ತರ, ಬಾಗಲಕೋಟೆಯಿಂದ

‘ಲಗ್ನದಲ್ಲಿ ಶುಕ್ರ’ ಅನ್ನಿ, ಸಮಾಸ ಬೇಕಿದ್ದರೆ ‘ಲಗ್ನಸ್ಥ ಶುಕ್ರ’. ‘ಲಗ್ನದ ಮೇಲೆ’ ಅಂದರೆ ದೃಷ್ಟಿ, ಅಂದರೆ ಬೇರೆ ಮನೆಯಿಂದ ಗ್ರಹ ನೋಡುವುದು, ಎಂದು ತಿಳಿಯುತ್ತಾರೆ, ಏಳನೇ ಮನೆಯಲ್ಲಿ ಕೂತ ಶುಕ್ರನಿಗೂ ಅದು ಹೊಂದಿಬಿಡುತ್ತದೆ. ಮೂಲದಲ್ಲಿ ಉದಯಬಿಂದುವಿಗೆ ಕೆಲವೇ ಅಂಶಗಳ ಒಳಗೆ ಗ್ರಹ ಇರಬೇಕೆಂಬ ಷರತ್ತು ಇದ್ದರೆ ‘ಲಗ್ನಾಂಶಕ್ಕೆ ಹತ್ತಿರದ ಶುಕ್ರ’ ಎಂದು ಬಿಡಿಸಿ ಬರೆಯಿರಿ.