ಅಪ್‌ಡೇಟ್: ಮಾತ್ರೆ ನುಂಗಿದರೂ ಇಳಿಯದ ಟಿಎಸ್‌ಎಚ್

ಮೂರು ತಿಂಗಳ ಹಿಂದೆ ಕೇಳಿದ್ದೆ: ವರ್ಷದಿಂದ ದಿನವೂ 50 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ನುಂಗಿದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) 9.2ರಿಂದ ಇಳಿಯುತ್ತಿಲ್ಲ, ಕೂದಲು ಉದುರುತ್ತಿದೆ, ಮುಟ್ಟು ಏರುಪೇರಾಗಿದೆ. ವೈದ್ಯರು ಮಾತ್ರ "ತೂಕ ಇಳಿಸಿ, ಚಿಂತೆ ಬಿಡಿ" ಎನ್ನುತ್ತಾರೆ, ಏನು ಮಾಡಲಿ ಎಂದು.

ನಿಮ್ಮಲ್ಲೊಬ್ಬರು ಹೇಳಿದಂತೆ ಮೂರು ವಾರ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ: ಮಾತ್ರೆ ನುಂಗಿದ ಹೊತ್ತು, ಕಾಫಿ, ನಿದ್ದೆ, ಮುಟ್ಟಿನ ದಿನ. ಅದನ್ನು ಹಿಡಿದು ಬೇರೊಬ್ಬ ಹಾರ್ಮೋನ್ ತಜ್ಞರ ಬಳಿ ಹೋದೆ. ಕೈ ನಡುಗುತ್ತಿತ್ತು, ಆದರೂ ಒಂದೊಂದೇ ಓದಿ ಹೇಳಿದೆ. ಅವರು ಎರಡನೇ ಪುಟದಲ್ಲೇ ಬೆರಳಿಟ್ಟರು. ಮಾತ್ರೆಯಾದ ಹತ್ತೇ ನಿಮಿಷಕ್ಕೆ ಫಿಲ್ಟರ್ ಕಾಫಿ, ತಿಂಡಿಯ ಜೊತೆ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ! ಇವೆಲ್ಲ ಥೈರಾಕ್ಸಿನ್ ಮೈಗೆ ಹತ್ತದಂತೆ ತಡೆಯುತ್ತವೆ. ಇಡೀ ವರ್ಷ ಯಾರೂ ಇದನ್ನು ಕೇಳಲೇ ಇಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ.

ಈಗ ಬರೀ ನೀರಿನಲ್ಲಿ ಮಾತ್ರೆ, ಒಂದು ಗಂಟೆಯ ಬಳಿಕ ಕಾಫಿ. ಕ್ಯಾಲ್ಸಿಯಂ ಮಧ್ಯಾಹ್ನ, ಕಬ್ಬಿಣ ರಾತ್ರಿ. ಪ್ರಮಾಣ ಹೆಚ್ಚಿಸಲಿಲ್ಲ. ಆಂಟಿ-ಟಿಪಿಒ ಪರೀಕ್ಷೆಯನ್ನು (ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ) ನಾನೇ ಕೇಳಿ ಮಾಡಿಸಿದೆ: ಪಾಸಿಟಿವ್. ಹಾಶಿಮೊಟೊ ಎಂದರು, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುವ ಕಾಯಿಲೆ. ಹೆಸರು ಸಿಕ್ಕಿದ್ದೇ ಒಂದು ನೆಮ್ಮದಿ.

ಎಂಟು ವಾರಕ್ಕೆ ಟಿಎಸ್‌ಎಚ್ 4.1. ಕೂದಲು ಇನ್ನೂ ಉದುರುತ್ತಿದೆ, ಆದರೆ ಮಧ್ಯಾಹ್ನ ಮಲಗದೆ ಸಂಜೆಯವರೆಗೆ ಕೆಲಸ ಮಾಡುತ್ತಿದ್ದೇನೆ. ನೋಟ್‌ಬುಕ್ ಬರೆಯಲು ಹೇಳಿದ ಅಕ್ಕನಿಗೆ ಕೈಮುಗಿಯುತ್ತೇನೆ.